ಮೀಸಾನ್ ಸಲೀಸು, ಬೇರಿಯಾನ್ ಕಷ್ಟ

ಧಾರವಾಡದಲ್ಲಿ ಬಿ.ಎಸ್ಸಿ. ಹುಡುಗರಿಗೆ ಕಣಭೌತಶಾಸ್ತ್ರ ಹೇಳಿಕೊಡುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳುವ ಪ್ರಶ್ನೆಯೊಂದಿದೆ. ಈ ಸಲ ಕೇಳಿದ್ದು ಅಣ್ಣಿಗೇರಿಯಿಂದ ದಿನಾ ಬಸ್ಸಿಗೆ ಬಂದುಹೋಗುವ ಹುಡುಗಿ. "ಸರ್, ಎರಡು ಪ್ರೋಟಾನ್ ಡಿಕ್ಕಿ ಹೊಡದ್ರ ಪಯಾನ್ ಹೊರಗ ಬರ್ತಾವು ಅಂದ್ರಿ. ಅಂದ್ರ ಪಯಾನ್ ಮೊದಲ ಪ್ರೋಟಾನ್ ಒಳಗ ಇದ್ವು ಅಂದಂಗಾತಲ್ರಿ?"

ಪಯಾನ್ ಎಂದರೆ ಪ್ರೋಟಾನಿಗಿಂತ ತುಂಬ ಹಗುರವಾದ, ಹುಟ್ಟಿದ ಕ್ಷಣದಲ್ಲೇ ಅಳಿಯುವ ಕಣ. ಹಾಗೆ ಅನ್ನಿಸಿದ್ದು ಅವಳ ತಪ್ಪಲ್ಲ. "ಪ್ರೋಟಾನ್ ಒಡೆದು ನೋಡುವ ಯಂತ್ರ" ಎಂದು ಪತ್ರಿಕೆಗಳು ಬರೆದೂ ಬರೆದೂ ನಮಗೆಲ್ಲ ಆ ಚಿತ್ರ ಕೂತುಬಿಟ್ಟಿದೆ. ಲೆಕ್ಕ ಹಾಕಿದರೆ ಮಾತ್ರ ಅದು ನಿಲ್ಲುವುದಿಲ್ಲ. ಎರಡು ಪ್ರೋಟಾನ್ ಡಿಕ್ಕಿಯಾಗಿ ಕೊನೆಗೆ ಎರಡು ಪ್ರೋಟಾನ್, ಮೇಲೊಂದು ಪಯಾನ್ ಸಿಗುವುದು ಪ್ರಯೋಗಾಲಯದಲ್ಲಿ ಮಾಮೂಲು. ಒಳಗಿದ್ದದ್ದು ಹೊರಬಿದ್ದಿದ್ದರೆ ಪ್ರೋಟಾನ್ ಎರಡೂ ಇಡಿಯಾಗಿ ಉಳಿದದ್ದು ಹೇಗೆ? ಶಕ್ತಿ ಇನ್ನಷ್ಟು ಏರಿಸಿದರೆ ಎರಡು ಪ್ರೋಟಾನ್ ಹೋಗಿ ಮೂರು ಪ್ರೋಟಾನ್ ಮತ್ತು ಒಂದು ಪ್ರತಿಪ್ರೋಟಾನ್ (ಅಷ್ಟೇ ಭಾರ, ವಿರುದ್ಧ ಆವೇಶದ ಕಣ) ಬರುತ್ತವೆ. ಎರಡರೊಳಗೆ ನಾಲ್ಕು ಅಡಗಿರಲು ಸಾಧ್ಯವಿಲ್ಲ. ಪ್ರೋಟಾನಿನೊಳಗೆ ಕ್ವಾರ್ಕ್ ಎಂಬ ಮೂಲಕಣಗಳನ್ನು ಬೆಸೆಯುವ ಗ್ಲುವಾನ್‌ಗಳೂ, ಕ್ಷಣಕ್ಷಣಕ್ಕೆ ಹುಟ್ಟಿ ಅಳಿಯುವ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಗಳೂ ಇರುವುದು ನಿಜವೇ. ಆದರೆ ಅವು ಪಯಾನ್‌ಗಳ ದಾಸ್ತಾನು ಅಲ್ಲ.

ಇಷ್ಟಕ್ಕೂ ಒಪ್ಪದವರಿಗೆ ಎಲೆಕ್ಟ್ರಾನ್ ಇದೆ. ಎಲೆಕ್ಟ್ರಾನಿನೊಳಗೆ ಕ್ವಾರ್ಕ್ ಇಲ್ಲ. ಒಳಗೆ ಏನಾದರೂ ಇದೆ ಎಂದು ಇಲ್ಲಿಯವರೆಗೆ ಯಾವ ಪ್ರಯೋಗದಲ್ಲೂ ಕಂಡಿಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1989ರಿಂದ 2000ದವರೆಗೆ ಲೆಪ್ ಎಂಬ ಯಂತ್ರ ನಡೆಯಿತು. 27 ಕಿಲೋಮೀಟರ್ ಸುತ್ತಳತೆಯ ನೆಲದಡಿಯ ಸುರಂಗ ಅದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಓಡುವ ದಾರಿಗಿಂತ ಉದ್ದ. ಒಂದು ದಿಕ್ಕಿನಿಂದ ಎಲೆಕ್ಟ್ರಾನ್, ಎದುರಿನಿಂದ ಅದರ ಪ್ರತಿಕಣ ಪಾಸಿಟ್ರಾನ್. ಎರಡೂ ಮುಖಾಮುಖಿಯಾಗಿ ಪೂರ್ತಿ ಅಳಿದುಹೋಗುತ್ತವೆ, ಚೂರೂ ಉಳಿಯುವುದಿಲ್ಲ. ಉಳಿಯುವುದು ಶಕ್ತಿ. ಆ ಬರಿಯ ಶಕ್ತಿಯಿಂದ ಕ್ವಾರ್ಕ್ ಜೋಡಿ ಹುಟ್ಟಿದಾಗೆಲ್ಲ, ಸರಾಸರಿ ಲೆಕ್ಕದಲ್ಲಿ, ವಿದ್ಯುದಾವೇಶವಿರುವ ಪಯಾನ್ 17, ಅಂಥದೇ ಕೇಯಾನ್ ಎರಡು ಚಿಲ್ಲರೆ, ಪ್ರೋಟಾನ್ ಅಥವಾ ಪ್ರತಿಪ್ರೋಟಾನ್ ಒಂದು ಹೊರಬಂದವು.

17ಕ್ಕೆ 1. ಪಯಾನ್, ಕೇಯಾನ್ ಮೀಸಾನ್ ಬಳಗದವು, ಪ್ರೋಟಾನ್ ಬೇರಿಯಾನ್ ಬಳಗದ್ದು. ಈ ಅಂತರ ಎಲ್ಲಿಂದ ಬಂತು ಎಂಬುದೇ ನನಗೆ ಇಲ್ಲಿ ಮುಖ್ಯ. ಮೀಸಾನ್ ಯಾಕೆ ಅಷ್ಟು ಸಲೀಸಾಗಿ ಹುಟ್ಟುತ್ತದೆ, ಬೇರಿಯಾನ್ ಯಾಕೆ ಅಷ್ಟು ಕಷ್ಟ?

ಪಾತ್ರಗಳ ಪರಿಚಯ ಬೇಗ ಮುಗಿಸಿಬಿಡೋಣ. ಕ್ವಾರ್ಕ್‌ಗಳಲ್ಲಿ ಆರು ಬಗೆ: ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಬಾಟಮ್, ಟಾಪ್. ಪ್ರತಿಯೊಂದಕ್ಕೂ ಒಂದು ಪ್ರತಿಕ್ವಾರ್ಕ್ ಇದೆ. ಮೂರು ಕ್ವಾರ್ಕ್ ಸೇರಿದರೆ ಬೇರಿಯಾನ್. ಎರಡು ಅಪ್ ಒಂದು ಡೌನ್ ಆದರೆ ಪ್ರೋಟಾನ್, ಒಂದು ಅಪ್ ಎರಡು ಡೌನ್ ಆದರೆ ನ್ಯೂಟ್ರಾನ್. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದ್ದು ಮೀಸಾನ್. ಅಪ್ ಜೊತೆ ಪ್ರತಿಡೌನ್ ಸೇರಿದ್ದು ಧನ ಪಯಾನ್. ಜೋಡಿಯಲ್ಲಿ ಒಂದು ಸ್ಟ್ರೇಂಜ್ ಇಲ್ಲವೇ ಪ್ರತಿಸ್ಟ್ರೇಂಜ್, ಇನ್ನೊಂದು ಅಪ್ ಅಥವಾ ಡೌನ್ ಬಗೆಯದಾದರೆ ಕೇಯಾನ್. ಬೇರಿಯಾನ್, ಮೀಸಾನ್ ಎರಡಕ್ಕೂ ಸೇರಿ ಹ್ಯಾಡ್ರಾನ್ ಎನ್ನುತ್ತಾರೆ. ಕ್ವಾರ್ಕ್‌ಗೆ ವಿದ್ಯುದಾವೇಶದ ಜೊತೆಗೆ "ಬಣ್ಣ" ಎಂಬ ಇನ್ನೊಂದು ಆವೇಶವಿದೆ, ಅದರಲ್ಲಿ ಮೂರು ಬಗೆ. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ. ಮೂರು ಬಣ್ಣ ಒಂದೊಂದು ಸೇರಿದರೆ, ಇಲ್ಲವೇ ಒಂದು ಬಣ್ಣ ತನ್ನ ಪ್ರತಿಬಣ್ಣದ ಜೊತೆ ಸೇರಿದರೆ, ಒಟ್ಟು ಬಣ್ಣ ಸೊನ್ನೆ. ಪ್ರಕೃತಿ ಹೊರಗೆ ಬಿಡುವುದು ಬಣ್ಣ ಸೊನ್ನೆಯಾದವನ್ನು ಮಾತ್ರ. ಒಂಟಿ ಕ್ವಾರ್ಕ್ ಇದುವರೆಗೆ ಯಾರ ಬಲೆಗೂ ಬಿದ್ದಿಲ್ಲ.

ದ್ರವ್ಯರಾಶಿಯನ್ನು ಶಕ್ತಿಯ ಮಾನದಲ್ಲೇ ಹೇಳುವುದು ಈ ಕ್ಷೇತ್ರದ ರೂಢಿ. ಪ್ರೋಟಾನ್ 938 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್), ವಿದ್ಯುದಾವೇಶವಿಲ್ಲದ ಪಯಾನ್ 135 ಎಂಇವಿ. ಸಾವಿರ ಎಂಇವಿಗೆ ಒಂದು ಜಿಇವಿ, ಸಾವಿರ ಜಿಇವಿಗೆ ಒಂದು ಟಿಇವಿ. ಹಾಗಿದ್ದರೆ 135 ಎಂಇವಿ ಚಲನಶಕ್ತಿಯ ಪ್ರೋಟಾನನ್ನು ನಿಂತಿರುವ ಪ್ರೋಟಾನಿಗೆ ಗುದ್ದಿಸಿದರೆ ಪಯಾನ್ ಹುಟ್ಟಬೇಕಲ್ಲ? ಹುಟ್ಟುವುದಿಲ್ಲ. ಸುಮಾರು 280 ಎಂಇವಿ ಬೇಕು. ಗುದ್ದಿದ ಮೇಲೂ ಎಲ್ಲ ಸೇರಿ ಮುಂದಕ್ಕೆ ಚಲಿಸುತ್ತಲೇ ಇರಬೇಕು. ಸಂವೇಗ ಉಳಿಯಬೇಕೆಂಬ ನಿಯಮ ಅದು. ಹೀಗೆ ಮುಂದಕ್ಕೆ ಸಾಗಲಿಕ್ಕೇ ಅರ್ಧದಷ್ಟು ಶಕ್ತಿ ಖರ್ಚಾಗುತ್ತದೆ, ಹೊಸ ಕಣಕ್ಕೆ ದಕ್ಕುವುದು ಉಳಿದದ್ದು. ಪ್ರತಿಪ್ರೋಟಾನಿನ ಮಟ್ಟಿಗೆ ಈ ದಂಡ ಇನ್ನೂ ಹೆಚ್ಚು. ಬರಿಯ ಪ್ರತಿಪ್ರೋಟಾನ್ ಹುಟ್ಟುವಂತಿಲ್ಲ, ಜೊತೆಗೊಂದು ಪ್ರೋಟಾನ್ ಹುಟ್ಟಲೇಬೇಕು. ಎರಡರ ದ್ರವ್ಯರಾಶಿ 1.9 ಜಿಇವಿ, ಬೇಕಾಗುವ ಚಲನಶಕ್ತಿ 5.6 ಜಿಇವಿ. ಬರ್ಕ್ಲಿಯ ಬೆವಾಟ್ರಾನ್ ಯಂತ್ರವನ್ನು 6.2 ಜಿಇವಿ ಮುಟ್ಟುವಂತೆ ಕಟ್ಟಿದ್ದು ಇದೇ ಲೆಕ್ಕ ಹಿಡಿದು. 1955ರಲ್ಲಿ ಅಲ್ಲಿ ಪ್ರತಿಪ್ರೋಟಾನ್ ಸಿಕ್ಕಿತು. ಸೆಗ್ರೆ, ಚೇಂಬರ್ಲಿನ್ ಇಬ್ಬರಿಗೂ 1959ರ ನೊಬೆಲ್ ಬಂತು.

ಎದುರುಬದುರು ಡಿಕ್ಕಿ ಹೊಡೆಸಿದರೆ ಈ ದಂಡ ತಪ್ಪುತ್ತದೆ, ಎರಡೂ ಕಡೆಯ ಸಂವೇಗ ಒಂದನ್ನೊಂದು ವಜಾ ಮಾಡುತ್ತದೆ. ಲೆಪ್ ಇದ್ದ ಸುರಂಗದಲ್ಲೇ ಈಗಿರುವ ಹೊಸ ಯಂತ್ರವಾದ ಎಲ್‌ಎಚ್‌ಸಿಯಲ್ಲಿ 6.8 ಟಿಇವಿಯ ಎರಡು ಪ್ರೋಟಾನ್ ಎದುರಾದಾಗ 13.6 ಟಿಇವಿಯೂ ಹೊಸ ಕಣಗಳಿಗೆ ಲಭ್ಯ. ನಿಂತ ಪ್ರೋಟಾನಿಗೆ ಗುದ್ದಿಸಿ ಇದೇ ಫಲ ಪಡೆಯಬೇಕಾದರೆ ಲಕ್ಷ ಟಿಇವಿಯ ಹತ್ತಿರ ಹೋಗಬೇಕು. ಮನುಷ್ಯ ಕಟ್ಟಿದ ಯಾವ ಯಂತ್ರವೂ ಅಲ್ಲಿಗೆ ಮುಟ್ಟಿಲ್ಲ. ಆಕಾಶ ಮುಟ್ಟಿದೆ.

ನಮ್ಮ ತಲೆಯ ಮೇಲಿನ ಮಾತು ಇದು. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ನೆಲದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಸಾರಜನಕ, ಆಮ್ಲಜನಕದ ಬೀಜಕಣಗಳಿಗೆ ಬಡಿಯುತ್ತವೆ. ಹುಟ್ಟುವುದು ಬಹುಪಾಲು ಪಯಾನ್, ಸ್ವಲ್ಪ ಕೇಯಾನ್. ಆವೇಶವಿರುವ ಪಯಾನಿನ ಆಯುಸ್ಸು 26 ನ್ಯಾನೋಸೆಕೆಂಡ್. ಅದು ಕ್ಷಯಿಸಿ ಮ್ಯೂವಾನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣ) ಮತ್ತು ನ್ಯೂಟ್ರಿನೊ (ಆವೇಶವಿಲ್ಲದ, ಬಲು ಹಗುರ ಕಣ) ಆಗುತ್ತದೆ. ಮ್ಯೂವಾನ್ ನೆಲ ಮುಟ್ಟುತ್ತದೆ. ಉಣಕಲ್ ಕೆರೆ ದಂಡೆಯ ಮೇಲೆ ಕೂತಿರಿ, ಚನ್ನಮ್ಮ ಸರ್ಕಲ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಿ, ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂವಾನ್ ಅದರ ಮೂಲಕ ಹಾದುಹೋಗುತ್ತದೆ. ಕಾರವಾರಕ್ಕಿಂತ ಧಾರವಾಡದಲ್ಲಿ ಒಂಚೂರು ಹೆಚ್ಚೇ, ನಾವು ಎತ್ತರದಲ್ಲಿದ್ದೇವೆ. ಆ ಒಂದೊಂದು ಮ್ಯೂವಾನಿನ ಹಿಂದೆಯೂ ಮೇಲೆಲ್ಲೋ ಹುಟ್ಟಿ ಸತ್ತ ಒಂದು ಮೀಸಾನ್ ಇದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ, ಡರಮ್ ತಂಡಗಳು ಸೇರಿ ಹಿಡಿದ ವಾತಾವರಣದ ನ್ಯೂಟ್ರಿನೊಗಳೂ ಇದೇ ಸಂತತಿಯವು.

ಪಯಾನ್ ಮೊದಲು ಪತ್ತೆಯಾದದ್ದೂ ಆಕಾಶದಿಂದಲೇ. 1947ರಲ್ಲಿ, ಬೆಟ್ಟದ ಮೇಲಿಟ್ಟ ಛಾಯಾಚಿತ್ರ ತಟ್ಟೆಗಳಲ್ಲಿ, ಪವೆಲ್, ಲಾಟೆಸ್, ಒಕಿಯಲಿನಿ ಅದನ್ನು ಗುರುತಿಸಿದರು. 1950ರ ನೊಬೆಲ್ ಪವೆಲ್‌ಗೆ ಹೋಯಿತು. ಅದಕ್ಕೂ ಮೊದಲೇ ಕಲ್ಕತ್ತೆಯ ಡಿ.ಎಂ. ಬೋಸ್ ಮತ್ತು ಬಿಭಾ ಚೌಧುರಿ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಇದೇ ವಿಧಾನ ಹಿಡಿದು ಮೀಸಾನ್‌ಗಳ ಜಾಡು ಹಿಡಿದಿದ್ದರು. ಯುದ್ಧಕಾಲದಲ್ಲಿ ಅವರಿಗೆ ಒಳ್ಳೆಯ ತಟ್ಟೆ ಸಿಗಲಿಲ್ಲ. ನಮ್ಮ ಪಠ್ಯದಲ್ಲಿ ಬಿಭಾ ಅವರ ಹೆಸರು ಇಂದಿಗೂ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ.

ಈಗ ಹುಟ್ಟುವ ಬಗೆಗೆ ಬರೋಣ. ಲೆಪ್‌ನ ಒಂದು ಡಿಕ್ಕಿ ತೆಗೆದುಕೊಳ್ಳಿ. ಎಲೆಕ್ಟ್ರಾನ್, ಪಾಸಿಟ್ರಾನ್ ಅಳಿದು ಒಂದು ಅಪ್ ಕ್ವಾರ್ಕ್, ಒಂದು ಪ್ರತಿಅಪ್ ಹುಟ್ಟಿವೆ ಅನ್ನೋಣ. ಒಂದೊಂದಕ್ಕೂ 45 ಜಿಇವಿ ಮೇಲೆ ಶಕ್ತಿ, ವಿರುದ್ಧ ದಿಕ್ಕಿಗೆ ಓಟ. ವಿದ್ಯುದಾವೇಶಗಳಾಗಿದ್ದರೆ ದೂರವಾದಷ್ಟೂ ಸೆಳೆತ ಕಡಿಮೆಯಾಗಿ ಕೊನೆಗೆ ಬಿಡುಗಡೆ ಸಿಗುತ್ತಿತ್ತು. ಕ್ವಾರ್ಕ್‌ಗಳಿಗೆ ಆ ಭಾಗ್ಯವಿಲ್ಲ. ಅವುಗಳ ನಡುವೆ ಬಲ ಸಾಗಿಸುವ ಗ್ಲುವಾನ್‌ಗೆ ತನ್ನದೇ ಬಣ್ಣವಿದೆ. ಹಾಗಾಗಿ ಬಲರೇಖೆಗಳು ಸುತ್ತ ಹರಡಿಕೊಳ್ಳುವ ಬದಲು ಒಂದನ್ನೊಂದು ಸೆಳೆದುಕೊಂಡು ಸಪೂರ ಎಳೆಯಾಗುತ್ತವೆ. ಈ ಎಳೆಯ ಬಿಗಿತ ಉದ್ದ ಬೆಳೆದಂತೆ ಕುಗ್ಗುವುದಿಲ್ಲ. ಒಂದು ಫರ್ಮಿ ಉದ್ದಕ್ಕೆ ಸುಮಾರು ಒಂದು ಜಿಇವಿ ಶಕ್ತಿ ಅದರಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಫರ್ಮಿ ಎಂದರೆ 10⁻¹⁵ ಮೀಟರ್, ಹೆಚ್ಚುಕಡಿಮೆ ಪ್ರೋಟಾನಿನ ಅಳತೆ. ನಿತ್ಯದ ಮಾನಕ್ಕೆ ತಂದರೆ ಆ ಬಿಗಿತ 16 ಟನ್ ಭಾರ ತೂಗುಹಾಕಿದಷ್ಟು. ಅದೂ ಪರಮಾಣುವಿನ ಬೀಜದೊಳಗೆ ಹಿಡಿಸುವಷ್ಟು ಸಣ್ಣ ಎಳೆಯ ಮೇಲೆ.

ಗರಗದಲ್ಲಿ ರಾಷ್ಟ್ರಧ್ವಜದ ಖಾದಿಗೆ ನೂಲು ತೆಗೆಯುವ ಹೆಣ್ಣುಮಕ್ಕಳ ಕೈಯಲ್ಲಿ ಎಳೆ ಕಡಿಯುವುದನ್ನು ನೋಡಿದವರಿಗೆ ಮುಂದಿನದು ಸುಲಭ. ಒಂದು ಕಡಿತಕ್ಕೆ ಎರಡು ಹೊಸ ತುದಿ. ಎಷ್ಟು ಸಲ ಕಡಿದರೂ ಪ್ರತಿ ತುಂಡಿಗೂ ಎರಡು ತುದಿ ಇದ್ದೇ ಇರುತ್ತವೆ, ಒಂದೇ ತುದಿಯ ತುಂಡು ಎಂಬುದಿಲ್ಲ. ಬಣ್ಣದ ಎಳೆಯಲ್ಲೂ ಹಾಗೆಯೇ. ಕಡಿದಲ್ಲಿ ಒಂದು ತುದಿಗೆ ಹೊಸ ಕ್ವಾರ್ಕ್, ಇನ್ನೊಂದು ತುದಿಗೆ ಹೊಸ ಪ್ರತಿಕ್ವಾರ್ಕ್. ನೂಲಿನ ತುದಿಯಲ್ಲಿ ಮೊದಲೇ ಇದ್ದ ಹತ್ತಿ ಇರುತ್ತದೆ. ಇಲ್ಲಿ ತುದಿಯ ಕಣಗಳನ್ನು ಎಳೆಯ ಶಕ್ತಿಯಿಂದಲೇ ಹುಟ್ಟಿಸಬೇಕು. ಒಂದು ಫರ್ಮಿಯ ಆಸುಪಾಸು ಎಳೆದರೆ ಸಾಕು, ಅದಕ್ಕೆ ಬೇಕಾದ ಶಕ್ತಿ ಕೂಡಿರುತ್ತದೆ. ಇನ್ನೂ ಎಳೆಯುವುದಕ್ಕಿಂತ ಕಡಿಯುವುದೇ ಅಗ್ಗ.

ಮೇಲಿನ ಡಿಕ್ಕಿಯಲ್ಲಿ ಎಳೆ ಮೂರು ಕಡೆ ಕಡಿಯಿತು ಅನ್ನೋಣ. ಒಂದು ಕಡೆಯಿಂದ ಓದುತ್ತ ಬನ್ನಿ. ತುದಿಯಲ್ಲಿ ಮೂಲದ ಅಪ್ ಇದೆ. ಮೊದಲ ಕಡಿತದಲ್ಲಿ ಡೌನ್ ಜೋಡಿ ಹುಟ್ಟಿತು. ಅದರ ಪ್ರತಿಡೌನ್ ಅಪ್ ಜೊತೆ ಸೇರಿತು: ಧನ ಪಯಾನ್. ಉಳಿದ ಡೌನ್ ಮುಂದಿನ ಕಡಿತದತ್ತ ಮುಖ ಮಾಡಿದೆ. ಅಲ್ಲಿ ಸ್ಟ್ರೇಂಜ್ ಜೋಡಿ ಹುಟ್ಟಿತು. ಡೌನ್ ಜೊತೆ ಪ್ರತಿಸ್ಟ್ರೇಂಜ್ ಸೇರಿ ಆವೇಶವಿಲ್ಲದ ಕೇಯಾನ್ ಆಯಿತು. ಮೂರನೆಯದರಲ್ಲಿ ಅಪ್ ಜೋಡಿ. ಸ್ಟ್ರೇಂಜ್ ಜೊತೆ ಪ್ರತಿಅಪ್ ಸೇರಿ ಋಣ ಕೇಯಾನ್. ಕೊನೆಗೆ ಉಳಿದ ಅಪ್, ಇನ್ನೊಂದು ತುದಿಯ ಮೂಲ ಪ್ರತಿಅಪ್ ಜೊತೆ ಸೇರಿ ಆವೇಶವಿಲ್ಲದ ಪಯಾನ್. ಲೆಕ್ಕ ತಾಳೆ ನೋಡಿ: ಆವೇಶ ಒಂದು ಧನ, ಒಂದು ಋಣ, ಎರಡು ಸೊನ್ನೆ, ಒಟ್ಟು ಸೊನ್ನೆ. ಶುರುವಿನಲ್ಲೂ ಸೊನ್ನೆಯೇ ಇತ್ತು. ನಾಲ್ಕು ಮೀಸಾನ್‌ಗಳಲ್ಲಿ ಮೂಲದ ಕ್ವಾರ್ಕ್ ಇರುವುದು ಎರಡರಲ್ಲಿ ಮಾತ್ರ, ನಡುವಿನ ಎರಡೂ ಪೂರ್ತಿ ಹೊಸ ಸಾಮಾನಿನವು. ಒಂದೊಂದು ಕಡಿತವೂ 10⁻²³ ಸೆಕೆಂಡಿನ ಮಟ್ಟದ ವ್ಯವಹಾರ. ಉಪಕರಣಕ್ಕೆ ಕಾಣುವುದು ವಿರುದ್ಧ ದಿಕ್ಕಿಗೆ ಹೊರಟ ಎರಡು ಕಣಗೊಂಚಲು. ಅವನ್ನು ಜೆಟ್ ಎನ್ನುತ್ತಾರೆ. 1979ರಲ್ಲಿ ಜರ್ಮನಿಯ ಪೆಟ್ರಾ ಯಂತ್ರದಲ್ಲಿ ಮೂರು ಜೆಟ್‌ಗಳ ಘಟನೆಗಳು ಸಿಕ್ಕವು. ಕ್ವಾರ್ಕ್ ಒಂದು ಗ್ಲುವಾನನ್ನು ಕಕ್ಕಿತ್ತು. ಗ್ಲುವಾನ್ ನೇರವಾಗಿ ಕಂಡದ್ದು ಹಾಗೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಈ ಎಳೆಯ ಚಿತ್ರವನ್ನು ಕಂಪ್ಯೂಟರ್ ಲೆಕ್ಕಕ್ಕೆ ಇಳಿಸಿದರು. ಪಿಥಿಯಾ ಎಂಬ ಆ ಪ್ರೋಗ್ರಾಮ್ ಮುಟ್ಟದ ಕಣಭೌತ ಸಂಶೋಧಕರು ಇವತ್ತು ಕಡಿಮೆ. ಕಡಿತದಲ್ಲಿ ಯಾವ ಜೋಡಿ ಹುಟ್ಟುತ್ತದೆ ಎಂಬುದಕ್ಕೆ ಅಲ್ಲೊಂದು ಚಂದದ ವಾದವಿದೆ. ಜೋಡಿ ಒಂದೇ ಬಿಂದುವಿನಲ್ಲಿ ಹುಟ್ಟಬೇಕು, ಆದರೆ ಬಿಂದುವಿಗೆ ಉದ್ದವಿಲ್ಲ. ಎಳೆಯ ಶಕ್ತಿ ಇರುವುದೇ ಉದ್ದದಲ್ಲಿ. ದ್ರವ್ಯರಾಶಿಯಿರುವ ಕ್ವಾರ್ಕ್‌ಗಳು ತಮ್ಮ ಬಾಬ್ತು ತುಂಬುವಷ್ಟು ಎಳೆ ನುಂಗಲು ಪರಸ್ಪರ ಒಂದಿಷ್ಟು ದೂರ ಸರಿಯಬೇಕು. ಅಷ್ಟು ದೂರ ಶಕ್ತಿಯಿಲ್ಲದ ನಿಷಿದ್ಧ ಪ್ರದೇಶ. ಕ್ವಾಂಟಮ್ ನಿಯಮ ಅಲ್ಲಿ ಸುರಂಗ ತೋಡಿ ದಾಟಲು ಬಿಡುತ್ತದೆ, ಆದರೆ ಭಾರ ಹೆಚ್ಚಿದಂತೆ ಸಾಧ್ಯತೆ ಸರ್ರನೆ ಇಳಿಯುತ್ತದೆ. ಅಪ್, ಡೌನ್ ತಲಾ ಒಂದು ಸಲ ಹುಟ್ಟುವಲ್ಲಿ ಸ್ಟ್ರೇಂಜ್ ಹುಟ್ಟುವುದು 0.3 ಸಲ. ಚಾರ್ಮ್? 10⁻¹¹. ಅಂದರೆ ಹುಟ್ಟುವುದೇ ಇಲ್ಲ ಎಂದರೂ ನಡೆದೀತು. ಈ ಸಂಖ್ಯೆ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇಷ್ಟೊತ್ತಿಗೆ ಬೇರಿಯಾನಿನ ತೊಡಕು ನಿಮಗೇ ಹೊಳೆದಿರಬೇಕು. ತುಂಡಿಗೆ ಎರಡೇ ತುದಿ, ಬೇರಿಯಾನಿಗೆ ಬೇಕಾದ್ದು ಮೂರು ಕ್ವಾರ್ಕ್. ಲುಂಡ್‌ನವರ ಉಪಾಯ ಹೀಗೆ: ಕಡಿತದಲ್ಲಿ ಅಪರೂಪಕ್ಕೆ ಒಂಟಿ ಕ್ವಾರ್ಕ್ ಬದಲು ಎರಡು ಕ್ವಾರ್ಕ್‌ಗಳ ಗಂಟು ಹುಟ್ಟುತ್ತದೆ, ಎದುರಿಗೆ ಎರಡು ಪ್ರತಿಕ್ವಾರ್ಕ್‌ಗಳ ಗಂಟು. ಬಣ್ಣದ ಲೆಕ್ಕದಲ್ಲಿ ಎರಡು ಕ್ವಾರ್ಕ್‌ಗಳ ಗಂಟು ಒಂದು ಪ್ರತಿಕ್ವಾರ್ಕಿನಂತೆಯೇ ವರ್ತಿಸಬಲ್ಲದು. ಹಾಗಾಗಿ ಎಳೆಗೆ ತಕರಾರಿಲ್ಲ. ಹಿಂದಿನ ಸರಪಳಿಯನ್ನೇ ಮತ್ತೆ ಹಿಡಿಯಿರಿ. ಮೂಲದ ಅಪ್ ಪಕ್ಕದ ಮೊದಲ ಕಡಿತದಲ್ಲಿ ಅಪ್-ಡೌನ್ ಗಂಟು ಹುಟ್ಟಿತು. ಅಪ್ ಅದನ್ನು ಸೇರಿಸಿಕೊಂಡು ಪ್ರೋಟಾನ್ ಆಯಿತು. ಆಚೆ ಬದಿಯ ಪ್ರತಿಗಂಟು ಮುಂದಿನ ಕಡಿತದ ಪ್ರತಿಸ್ಟ್ರೇಂಜ್ ಸೇರಿ ಪ್ರತಿಲ್ಯಾಂಬ್ಡಾ ಆಯಿತು (ಅಪ್, ಡೌನ್, ಸ್ಟ್ರೇಂಜ್ ಸೇರಿದ ಬೇರಿಯಾನಿಗೆ ಲ್ಯಾಂಬ್ಡಾ ಎಂದು ಹೆಸರು, ಇದು ಅದರ ಪ್ರತಿಕಣ). ಉಳಿದ ಸ್ಟ್ರೇಂಜ್, ಕೊನೆಯ ಪ್ರತಿಅಪ್ ಸೇರಿ ಋಣ ಕೇಯಾನ್. ಒಂದು ಬೇರಿಯಾನ್, ಒಂದು ಪ್ರತಿಬೇರಿಯಾನ್, ಒಂದು ಮೀಸಾನ್. ಗಂಟು ಭಾರವಾದದ್ದರಿಂದ ಸುರಂಗ ದಾಟುವುದು ಕಷ್ಟ, ಹತ್ತು ಕಡಿತಕ್ಕೆ ಒಂದರ ಆಸುಪಾಸು. ಲೆಪ್‌ನ ಸಂಖ್ಯೆಗಳಲ್ಲಿ ಪಯಾನ್ ರಾಶಿಯ ನಡುವೆ ಪ್ರೋಟಾನ್ ವಿರಳವಾದದ್ದು, ಲ್ಯಾಂಬ್ಡಾ ಮತ್ತು ಅದರ ಪ್ರತಿಕಣ ಸೇರಿಸಿದರೂ ಹತ್ತು ಘಟನೆಗೆ ನಾಲ್ಕೇ ಸಿಕ್ಕದ್ದು ಇದರಿಂದ. ಬೇರಿಯಾನ್ ಮತ್ತು ಅದರ ಜೋಡಿ ಪ್ರತಿಬೇರಿಯಾನ್ ಜೆಟ್ಟಿನಲ್ಲಿ ಅಕ್ಕಪಕ್ಕದಲ್ಲೇ ಸಿಗುವುದೂ ಈ ಚಿತ್ರಕ್ಕೆ ಹೊಂದುತ್ತದೆ. ಕೆಲವೊಮ್ಮೆ ಇಬ್ಬರ ನಡುವೆ ಒಂದು ಮೀಸಾನ್ ನುಸುಳಿರುತ್ತದೆ, ಅದಕ್ಕೂ ಮಾದರಿಯಲ್ಲಿ ಜಾಗ ಮಾಡಿದ್ದಾರೆ.

ಒಂದು ಮಾತನ್ನು ಜನಪ್ರಿಯ ಲೇಖನಗಳು ನುಂಗಿಬಿಡುತ್ತವೆ. ಹತ್ತಕ್ಕೆ ಒಂದು ಎಂಬುದಾಗಲಿ, 0.3 ಎಂಬುದಾಗಲಿ ಮೂಲ ಸಿದ್ಧಾಂತದಿಂದ ಇಳಿದುಬಂದ ಸಂಖ್ಯೆಗಳಲ್ಲ. ಅಳತೆಗೆ ಹೊಂದುವಂತೆ ಕೂರಿಸಿದವು. ಕ್ವಾರ್ಕ್‌ಗಳ ಸಿದ್ಧಾಂತವಾದ ಕ್ವಾಂಟಮ್ ಕ್ರೋಮೋಡೈನಮಿಕ್ಸ್ ಹತ್ತಿರದ ದೂರಗಳಲ್ಲಿ ಚೊಕ್ಕ ಲೆಕ್ಕ ಕೊಡುತ್ತದೆ. 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ತೋರಿಸಿದ್ದು ಅದನ್ನೇ, 2004ರ ನೊಬೆಲ್ ಅದಕ್ಕೇ. ಒಂದು ಫರ್ಮಿ ದೂರಕ್ಕೆ ಬಂದಾಗ ಬಲ ಎಷ್ಟು ಬಿರುಸಾಗುತ್ತದೆಂದರೆ ಕಾಗದ-ಪೆನ್ನಿನ ಲೆಕ್ಕದ ವಿಧಾನ ಮುರಿದುಬೀಳುತ್ತದೆ. ಕ್ವಾರ್ಕ್ ಯಾಕೆ ಒಂಟಿಯಾಗಿ ಹೊರಬರುವುದಿಲ್ಲ ಎಂಬುದಕ್ಕೆ ಗಣಿತದ ಪೂರ್ಣ ಸಾಧನೆ ಇನ್ನೂ ಇಲ್ಲ. ಅದಕ್ಕೆ ಹತ್ತಿರದ ಸಮಸ್ಯೆಯೊಂದರ ತಲೆಯ ಮೇಲೆ ಹತ್ತು ಲಕ್ಷ ಡಾಲರ್ ಬಹುಮಾನ 2000ದಿಂದ ಕೂತಿದೆ.

ಸ್ಟ್ರೇಂಜ್ ಕ್ವಾರ್ಕ್ ಜೋಡಿಯಾಗಿಯೇ ಹುಟ್ಟಬೇಕೆಂಬುದು ಕ್ವಾರ್ಕ್ ಎಂಬ ಕಲ್ಪನೆಗಿಂತ ಹಳೆಯದು. 1947ರಲ್ಲಿ ರೋಚೆಸ್ಟರ್ ಮತ್ತು ಬಟ್ಲರ್, ಕಣದ ಜಾಡನ್ನು ಹನಿಗಳ ಗೆರೆಯಾಗಿ ತೋರಿಸುವ ಮೋಡಪೆಟ್ಟಿಗೆಯಲ್ಲಿ, ಇಂಗ್ಲಿಷಿನ ವಿ ಅಕ್ಷರದಂಥ ಗೆರೆಗಳನ್ನು ಕಂಡರು. ಹೊಸ ಕಣಗಳು. ವಿಚಿತ್ರವೆಂದರೆ ಅವು ಹುಟ್ಟುವುದು ಬಿರುಸು, ಸಾಯುವುದು ನಿಧಾನ. ಕ್ವಾರ್ಕ್ ನಡುವಿನ ಬಿರುಸು ಬಲದಿಂದ ಹುಟ್ಟಿದ್ದು ಅದೇ ಬಲದಿಂದ ಕ್ಷಣದಲ್ಲಿ ಸಾಯಬೇಕಿತ್ತು. ಅಬ್ರಹಾಂ ಪೈಸ್ 1952ರಲ್ಲಿ ದಾರಿ ತೋರಿಸಿದರು: ಅವು ಜೊತೆಜೊತೆಯಾಗಿ ಮಾತ್ರ ಹುಟ್ಟುತ್ತವೆ, ಆಮೇಲೆ ಬೇರೆ ಬೇರೆಯಾದ ಮೇಲೆ ಬಿರುಸು ಬಲ ಅವುಗಳನ್ನು ಕೊಲ್ಲಲಾರದು. ಗೆಲ್‌ಮನ್, ನಿಶಿಜಿಮಾ ಇದಕ್ಕೆ ಒಂದು ಸಂಖ್ಯೆಯ ರೂಪ ಕೊಟ್ಟರು. ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್‌ನ ಕಾಸ್ಮೋಟ್ರಾನ್ ಯಂತ್ರದಲ್ಲಿ ಋಣ ಪಯಾನ್ ಪ್ರೋಟಾನಿಗೆ ಬಡಿದಾಗ ಒಂದು ಲ್ಯಾಂಬ್ಡಾ, ಒಂದು ಕೇಯಾನ್ ಒಟ್ಟಿಗೇ ಹುಟ್ಟಿದ್ದು ಕಂಡಿತು. ಒಳಗೆ ಬಂದ ಬೇರಿಯಾನ್ ಒಂದು, ಹೊರಗೆ ಹೋದದ್ದೂ ಒಂದು. ಇಲ್ಲಿ ಗಂಟು ಹುಟ್ಟಿಸುವ ಕಷ್ಟವಿಲ್ಲ, ಪ್ರೋಟಾನಿನ ಬೇರಿಯಾನ್‌ತನವನ್ನೇ ಲ್ಯಾಂಬ್ಡಾ ಮುಂದುವರಿಸುತ್ತದೆ. ಮೂರೂ ಸ್ಟ್ರೇಂಜ್ ಇರುವ ಒಮೆಗಾ ಬೇರಿಯಾನ್ 1964ರಲ್ಲಿ ಬ್ರೂಕ್‌ಹೇವನ್‌ನಲ್ಲೇ ಸಿಕ್ಕಾಗ ಅದರ ಜೊತೆ ಎರಡು ಕೇಯಾನ್ ಹುಟ್ಟಿದ್ದವು. ಒಳಗೆ ಹೋದ ಋಣ ಕೇಯಾನ್ ಒಂದು ಸ್ಟ್ರೇಂಜ್ ತಂದಿತ್ತು, ಉಳಿದ ಎರಡು ಹೊಸದಾಗಿ ಹುಟ್ಟಬೇಕಾಗಿತ್ತು. ಎರಡು ಕೇಯಾನ್‌ಗಳಲ್ಲಿದ್ದದ್ದು ಅವುಗಳ ಪ್ರತಿಜೋಡಿ.

ಬೇರಿಯಾನ್ ಸಂಖ್ಯೆ (ಬೇರಿಯಾನ್ ಎಣಿಕೆಯಲ್ಲಿ ಪ್ರತಿಬೇರಿಯಾನ್ ಕಳೆದದ್ದು) ಹೀಗೆ ಉಳಿಯುತ್ತಲೇ ಇರುವುದು ಅಳತೆಯ ಮಾತು, ಸಿದ್ಧಾಂತದ ಹಟವಲ್ಲ. ಅದು ಎಂದಾದರೂ ಮುರಿಯುತ್ತದೆಯೇ, ಪ್ರೋಟಾನ್ ತಾನಾಗಿಯೇ ಕ್ಷಯಿಸುತ್ತದೆಯೇ ಎಂದು 1980ರ ದಶಕದಲ್ಲಿ ಕೋಲಾರದ ಗಣಿಯಲ್ಲೇ ಕಬ್ಬಿಣದ ರಾಶಿ ಇಟ್ಟು ಕಾದರು. ಈವರೆಗೆ ಜಗತ್ತಿನ ಎಲ್ಲೂ ಖಚಿತವಾಗಿ ಕಂಡಿಲ್ಲ.

ಎಳೆಯ ಕಥೆ ಇಲ್ಲಿಗೇ ಮುಗಿದಿದ್ದರೆ ಲೆಪ್ ಕಾಲದ ಪಠ್ಯ ಸಾಕಾಗುತ್ತಿತ್ತು. ಎಲ್‌ಎಚ್‌ಸಿ ಬಂದ ಮೇಲೆ ಕೆಟ್ಟಿತು. ಪ್ರೋಟಾನ್-ಪ್ರೋಟಾನ್ ಡಿಕ್ಕಿಯಲ್ಲಿ ಒಂದೇ ಎಳೆ ಇರುವುದಿಲ್ಲ. ಎರಡೂ ಕಡೆಯ ಕ್ವಾರ್ಕ್, ಗ್ಲುವಾನ್‌ಗಳು ಹಲವು ಕಡೆ ಒಟ್ಟೊಟ್ಟಿಗೆ ತಾಕಾಡುತ್ತವೆ, ಹಲವಾರು ಎಳೆಗಳು ಒಂದೇ ಫರ್ಮಿ ಜಾಗದಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಅವು ಒಂದರ ಸುದ್ದಿಗೆ ಒಂದು ಹೋಗದೆ ತಮ್ಮ ಪಾಡಿಗೆ ತಾವು ಕಡಿಯುತ್ತವೆ ಎಂದೇ ಬಹುಕಾಲ ಲೆಕ್ಕ ಹಾಕಿದ್ದರು. 2017ರಲ್ಲಿ ಅಲ್ಲಿನ ಅಲೈಸ್ ಪ್ರಯೋಗ ಪ್ರಕಟಿಸಿದ ಅಳತೆ ಬೇರೆ ಹೇಳಿತು: ಡಿಕ್ಕಿಯಲ್ಲಿ ಹೊರಬರುವ ಕಣಗಳ ಸಂಖ್ಯೆ ಹೆಚ್ಚಿದಂತೆ ಸ್ಟ್ರೇಂಜ್ ಇರುವ ಕಣಗಳ ಪಾಲೂ ಏರುತ್ತದೆ, ಒಮೆಗಾದ್ದು ಎಲ್ಲಕ್ಕಿಂತ ಹೆಚ್ಚು. ಅಲೈಸ್ ತಂಡದಲ್ಲಿ ಕೋಲ್ಕತ್ತ, ಚಂಡೀಗಢ, ಜೈಪುರ, ಜಮ್ಮುವಿನ ಸಂಸ್ಥೆಗಳವರೂ ಇದ್ದಾರೆ. ಭಾರತ 2017ರಿಂದ ಸರ್ನ್‌ನ ಸಹಸದಸ್ಯ.

ಚಾರ್ಮ್ ವಿಷಯದಲ್ಲಿ ಪೆಟ್ಟು ಇನ್ನೂ ನೇರ. ಎಳೆ ಕಡಿದಾಗ ಚಾರ್ಮ್ ಹುಟ್ಟುವುದಿಲ್ಲ ಎಂದೆನಲ್ಲ, 10⁻¹¹. ಅಂದರೆ ಡಿಕ್ಕಿಯಲ್ಲಿ ಕಂಡ ಪ್ರತಿ ಚಾರ್ಮ್ ಕ್ವಾರ್ಕೂ ಮೊದಲ ಬಿರುಸಿನ ಗುದ್ದಿನಲ್ಲೇ ಹುಟ್ಟಿದ್ದು. ಆಮೇಲೆ ಅದು ಯಾರ ಜೊತೆ ಸೇರಿತು ಎಂಬುದನ್ನಷ್ಟೇ ನೋಡಿದರೆ, ಹ್ಯಾಡ್ರಾನ್ ಕಟ್ಟುವ ಕೆಲಸ ಬೇರೆ ಗದ್ದಲವಿಲ್ಲದೆ ಸಿಗುತ್ತದೆ. ಚಾರ್ಮ್ ಒಂದು ಪ್ರತಿಕ್ವಾರ್ಕ್ ಹಿಡಿದರೆ ಡಿ ಮೀಸಾನ್, ಅಪ್-ಡೌನ್ ಎರಡನ್ನೂ ಹಿಡಿದರೆ ಲ್ಯಾಂಬ್ಡಾ-ಸಿ ಬೇರಿಯಾನ್. ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಯಲ್ಲಿ 100 ಚಾರ್ಮ್ ಕ್ವಾರ್ಕ್ ಹುಟ್ಟಿದರೆ ಸುಮಾರು 6 ಲ್ಯಾಂಬ್ಡಾ-ಸಿ ಆಗುತ್ತಿದ್ದವು. ಎಲ್‌ಎಚ್‌ಸಿಯ ಪ್ರೋಟಾನ್ ಡಿಕ್ಕಿಗಳಲ್ಲಿ ಅಲೈಸ್ ಎಣಿಸಿದಾಗ ಅದು ಸುಮಾರು 20. ಮೂರು ಪಟ್ಟಿಗೂ ಹೆಚ್ಚು. ಅದೇ ಚಾರ್ಮ್, ಅದೇ ನಿಯಮ, ಸುತ್ತಲಿನ ಪರಿಸರ ಮಾತ್ರ ಬೇರೆ. ಕ್ವಾರ್ಕ್ ಹ್ಯಾಡ್ರಾನ್ ಆಗುವ ಪ್ರಮಾಣ ಎಲ್ಲ ಯಂತ್ರಗಳಲ್ಲೂ ಒಂದೇ ಎಂದು ದಶಕಗಟ್ಟಲೆ ಹಿಡಿದುಕೊಂಡು ಬಂದಿದ್ದ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು.

ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಒಂದು, ಒತ್ತೊತ್ತಾಗಿ ಬಿದ್ದ ಎಳೆಗಳು ಕಡಿಯುವ ಮೊದಲು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಕೆಲವು ಕಡೆ ಮೂರು ಎಳೆ ಒಂದು ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಮೂರು ಎಳೆಯ ಆಚೆ ತುದಿಗಳಲ್ಲಿ ಮೂರು ಕ್ವಾರ್ಕ್. ಗಂಟು ಹುಟ್ಟುವ ದುಬಾರಿ ದಾರಿ ಹಿಡಿಯದೆಯೇ ಬೇರಿಯಾನ್ ಸಿದ್ಧ. ಇನ್ನೊಂದು, ಕ್ವಾರ್ಕ್‌ಗಳ ದಟ್ಟಣೆಯಲ್ಲಿ ಹತ್ತಿರವಿದ್ದ, ಒಂದೇ ವೇಗದಲ್ಲಿ ಹೊರಟವು ತಾವಾಗಿಯೇ ಕೂಡಿಕೊಳ್ಳುತ್ತವೆ ಎಂಬುದು. ಸೀಸದ ಬೀಜಕಣಗಳನ್ನು ಡಿಕ್ಕಿ ಹೊಡೆಸುವಾಗ ಇದಕ್ಕೆ ಬಲವಿದೆ. ಅಲ್ಲಿ ಕ್ವಾರ್ಕ್, ಗ್ಲುವಾನ್‌ಗಳ ಕುದಿಯುವ ದ್ರವವೇ ಆಗಿ, ತಣಿಯುತ್ತ 156 ಎಂಇವಿಗೆ, ಅಂದರೆ ಹೆಚ್ಚುಕಡಿಮೆ 1.8 ಲಕ್ಷ ಕೋಟಿ ಡಿಗ್ರಿಗೆ ಬಂದಾಗ ಹ್ಯಾಡ್ರಾನ್‌ಗಳ ಪ್ರಮಾಣ ನಿಗದಿಯಾಗುತ್ತದೆ. ಮೂರು ಜಿಇವಿ ಆಸುಪಾಸಿನ ಅಡ್ಡ ಸಂವೇಗದಲ್ಲಿ (ಕಣಗಳು ಬಂದ ದಾರಿಗೆ ಅಡ್ಡಲಾಗಿ ಹೊರಟ ಸಂವೇಗದಲ್ಲಿ) ಅಲ್ಲಿ ಲ್ಯಾಂಬ್ಡಾ ಸಂಖ್ಯೆ ಕೇಯಾನ್ ಸಂಖ್ಯೆಯನ್ನೇ ಮೀರುತ್ತದೆ. ಬೇರಿಯಾನ್ ಕಷ್ಟ ಎಂಬ ಮಾತು ಅಲ್ಲಿ ತಲೆಕೆಳಗು.

ನನ್ನ ಒಲವು ಮೊದಲ ಉತ್ತರದ ಕಡೆ. ಸಣ್ಣ ಡಿಕ್ಕಿಗೂ ದೊಡ್ಡ ದ್ರವಕ್ಕೂ ನಡುವೆ ಅದು ಒಂದು ಸೇತುವೆ ಹಾಕುತ್ತದೆ, ಮತ್ತು ಲ್ಯಾಂಬ್ಡಾ-ಸಿ ಲೆಕ್ಕವನ್ನು ಚೆನ್ನಾಗಿಯೇ ಹೊಂದಿಸುತ್ತದೆ. ತೊಂದರೆ ಅದರ ಪಕ್ಕದ ಮನೆಯಲ್ಲಿದೆ. ಚಾರ್ಮ್ ಜೊತೆ ಒಂದು ಸ್ಟ್ರೇಂಜೂ ಇರುವ ಕ್ಸೈ-ಸಿ ಬೇರಿಯಾನನ್ನು ಅಲೈಸ್ ಎಣಿಸಿದಾಗ, ಲ್ಯಾಂಬ್ಡಾ-ಸಿಗೆ ಸರಿಹೊಂದಿದ ಅದೇ ಮಾದರಿ ಅಳತೆಗಿಂತ ಎಷ್ಟೋ ಕಡಿಮೆ ಕ್ಸೈ-ಸಿ ಕೊಡುತ್ತದೆ. 2022ರಲ್ಲಿ ಎಲ್‌ಎಚ್‌ಸಿ ಮತ್ತೆ ಶುರುವಾಯಿತು, ಅಲೈಸ್ ಉಪಕರಣವೂ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಡಿಕ್ಕಿಗಳನ್ನು ದಾಖಲಿಸುವಂತೆ ನವೀಕರಣಗೊಂಡಿದೆ. ಎಣಿಕೆ ನಡೆದಿದೆ.